ಸಾಬೂನಿನ ಕಾಗದದ ಮೇಲೆ ಏನಿದೆ?

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ, ಶ್ರೀಗಂಧದ ಕಾವಲ್ ಎಂಬ ಬಡಾವಣೆಯಿದೆ. ಹೆಸರು ಕೇಳಿದವರಿಗೆ ಅಲ್ಲಿನ ಗಾಳಿಯೇ ಕಂಪಾಗಿರಬೇಕೆಂದು ತೋರೀತು. ಕಾವಲು ಎಂದರೆ ಹಳೆಯ ಮೈಸೂರಿನ ಮಾತಿನಲ್ಲಿ ಕಾದಿರಿಸಿದ ಹುಲ್ಲುಗಾವಲು. ನಾನು ಆ ಬೀದಿಗಳಲ್ಲಿ ಓಡಾಡಿದಾಗ ಕಂಡದ್ದು ಮನೆ, ಅಂಗಡಿ, ವಾಹನಗಳೇ. ಹುಲ್ಲೂ ಕಾಣಲಿಲ್ಲ, ಗಂಧವೂ ಕಾಣಲಿಲ್ಲ. ಊರಿನ ಹೆಸರಿನ ಮಟ್ಟಿಗೆ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ದಿನವೂ ಮೈಗೆ ಉಜ್ಜಿಕೊಳ್ಳುವ ಸಾಬೂನಿನ ಹೆಸರಿಗೂ ಒಳಗಿನ ಸರಕಿಗೂ ಸಂಬಂಧ ತಪ್ಪಿತೆಂದರೆ ನಷ್ಟ ನಮ್ಮ ಚರ್ಮಕ್ಕೂ ಉಂಟು, ಜೇಬಿಗೂ ಉಂಟು.

ಗಂಧದ ಸಾಬೂನಿನ ಕಥೆಯನ್ನು ಮರದಿಂದಲೇ ಆರಂಭಿಸಬೇಕು. ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಹೇಳುತ್ತಾರೆ. ಮುಂದೆ ಒಡೆಯರ ಕಾಲದಲ್ಲಿಯೂ ರೈತನ ಹೊಲದಲ್ಲಿ ಬೆಳೆದ ಗಂಧದ ಮರ ಸರ್ಕಾರದ್ದೇ ಆಗಿತ್ತು. ಈ ಕಟ್ಟು ಸಡಿಲವಾದದ್ದು 2001ರ ಕಾನೂನು ತಿದ್ದುಪಡಿಯಿಂದ.

ಮೈಸೂರಿನ ಕೊರಡುಗಳು ಹಡಗೇರಿ ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ಜರ್ಮನಿಯ ದಾರಿ ಮುಚ್ಚಿತು. ಕೊರಡುಗಳು ಇಲ್ಲಿಯೇ ರಾಶಿ ಬಿದ್ದವು. ಆಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರ ಸುಮಾರಿಗೆ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ವಿದೇಶೀ ಅತಿಥಿಗಳಿಬ್ಬರು ಗಂಧದೆಣ್ಣೆ ಬೆರೆಸಿದ ಸಾಬೂನನ್ನು ಅರಸರಿಗೆ ಕಾಣಿಕೆಯಾಗಿತ್ತರೆಂದೂ, ಇದನ್ನು ನಾವೇ ಏಕೆ ಮಾಡಬಾರದೆಂಬ ಆಲೋಚನೆ ಅಲ್ಲಿ ಹುಟ್ಟಿತೆಂದೂ ಕಥೆಯುಂಟು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆ ಕಲಿಸಿದ್ದು ಮಾತ್ರ ಕಥೆಯಲ್ಲ. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ರಾಜಾಜಿನಗರದ ಪಕ್ಕದಲ್ಲಿ ಈಗ ಮೆಟ್ರೊ ನಿಲ್ದಾಣಕ್ಕೆ ಹೆಸರು ಕೊಟ್ಟಿರುವುದೂ ಈ ಕಾರ್ಖಾನೆಯೇ.

ಅದುವರೆಗೆ ನಮ್ಮ ಮನೆಗಳಲ್ಲಿ ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ಬಟ್ಟೆಗೆ ಅಂಟುವಾಳ. ಹಿಟ್ಟು ನಮ್ಮೆದುರಿಗೇ ಬೀಸಿದ್ದು. ಕಾಯಿ ನಮ್ಮೆದುರಿಗೇ ಕುಟ್ಟಿದ್ದು. ಪೆಟ್ಟಿಗೆಯೊಳಗಿನ ಸಾಬೂನಾದರೋ ಯಾರು, ಹೇಗೆ ಮಾಡಿದರೋ ಕಾಣದು. ಕಣ್ಣಿನ ಸಾಕ್ಷಿ ತಪ್ಪಿದಲ್ಲಿ ಮುದ್ರೆಯೇ ಸಾಕ್ಷಿಯಾಗಬೇಕಾಯಿತು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭ ಆ ಪೆಟ್ಟಿಗೆಯ ಮೇಲೆ ಬಂದು ಕುಳಿತದ್ದು ಬರಿಯ ಅಲಂಕಾರಕ್ಕಲ್ಲ; ಇದಕ್ಕೆ ನಾವು ಹೊಣೆ ಎಂದು ಒಂದು ಸಂಸ್ಥಾನ ಕೊಟ್ಟ ಮಾತು ಅದು.

ಮಾತಿಗೆ ಬೆಲೆ ಬಂದೊಡನೆ ಅದನ್ನು ಕದಿಯುವವರೂ ಹುಟ್ಟುತ್ತಾರೆ. ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆಯಿದೆ. ಆದರೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲು ಸರಕು ಪತ್ತೆಯಾಯಿತು. ಮೂಗನ್ನು ನಂಬಿದರೆ ಸಾಲದು; ಗಂಧವನ್ನು ಹೋಲುವ ಕೃತಕ ಪರಿಮಳ ಅಗ್ಗವಾಗಿ ಸಿಕ್ಕುತ್ತದೆ. ನಾವು ನಂಬಬೇಕಾದದ್ದು ಅಕ್ಷರವನ್ನು.

ಸಾಬೂನಿನ ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಟಿ.ಎಫ್.ಎಂ. ಎಂದಿರುತ್ತದೆ. ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶದ ಲೆಕ್ಕವದು. ಭಾರತೀಯ ಮಾನಕದಂತೆ ಶೇಕಡಾ 76 ಅಥವಾ ಹೆಚ್ಚಾದರೆ ಮೊದಲ ದರ್ಜೆ, 70 ಆದರೆ ಎರಡನೆಯದು, 60 ಆದರೆ ಮೂರನೆಯದು. ಅಂಶ ಕಡಿಮೆಯಾದಷ್ಟೂ ತುಂಬುಪುಡಿ ಹೆಚ್ಚು. ಅಂಥದು ಬೇಗ ಕರಗೀತು, ಚರ್ಮವನ್ನು ಒಣಗಿಸೀತು. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ ಅದರ ಮಾನಕವೇ ಬೇರೆ. ಕೊಬ್ಬಿನ ಅಂಶ ಇನ್ನೂ ಕಡಿಮೆಯಿರಬಹುದು. ತಯಾರಾದ ತಿಂಗಳು, ತಯಾರಕರ ವಿಳಾಸ, ತೂಕ, ಬೆಲೆ ಇಷ್ಟನ್ನೂ ನೋಡಿರಿ. ಅಚ್ಚು ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಬೆಲೆ ವಿಪರೀತ ಇಳಿದಿದ್ದರೆ ಸಂಶಯಪಡಿರಿ, ರಸೀದಿ ಕೇಳಿರಿ. ಮೋಸವಾಯಿತೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ತಂದ ಮೇಲೂ ಎರಡು ಮಾತು. ಸಾಬೂನನ್ನು ನೀರು ಬಸಿದುಹೋಗುವ ತಟ್ಟೆಯಲ್ಲಿಡಿರಿ. ನೆನೆದ ಸಾಬೂನು ಅರ್ಧ ಆಯುಸ್ಸನ್ನೂ ಬಾಳದು. ಬಚ್ಚಲಿನ ನೆಲದ ಮೇಲೆ ಉಳಿದ ಚೂರು ಕಸವಲ್ಲ, ಅಪಾಯ. ಮನೆಯ ಹಿರಿಯರು ಕಾಲಿಡುವ ಮೊದಲೇ ಅದನ್ನು ತೆಗೆಯಿರಿ.

ಇಷ್ಟೆಲ್ಲ ತೊಂದರೆ ಏಕೆಂದು ಕೆಲವರು ಕೇಳುವುದುಂಟು. ತರಕಾರಿಯವಳ ಹತ್ತಿರ ಒಂದೊಂದು ಬದನೆಯನ್ನೂ ತಿರುಗಿಸಿ ತಿರುಗಿಸಿ ನೋಡುವ ನಾವು ಸಾಬೂನಿನ ಪೆಟ್ಟಿಗೆಯನ್ನು ಒಮ್ಮೆ ಮಗುಚಿ ನೋಡಿದರೆ ಕಳೆದುಕೊಳ್ಳುವುದು ಅರ್ಧ ನಿಮಿಷ ಮಾತ್ರ.