ಅಸಲು ಉಳಿಸುವ ದತ್ತಿ: ವಿದ್ಯಾರ್ಥಿವೇತನ, ಛಾಯಾಚಿತ್ರ ಮತ್ತು ಜತ್ತದ ಗಡಿ

ಮಹಾರಾಷ್ಟ್ರ–ಕರ್ನಾಟಕ ಗಡಿಯಲ್ಲಿರುವ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಇಂಚಗೇರಿ ಆಧ್ಯಾತ್ಮಿಕ ಸಂಪ್ರದಾಯದ ಭಾವುಸಾಹೇಬ ಮಹಾರಾಜರ ಊರು. ಅವರ ಶಿಷ್ಯ, ಜಮಖಂಡಿಯ ರಾ. ದ. ರಾನಡೆ, 1902ರಲ್ಲಿ ಮ್ಯಾಟ್ರಿಕ್ ಮುಗಿಸಿದಾಗ ಜಗನ್ನಾಥ ಶಂಕರಶೇಟ ಸಂಸ್ಕೃತ ವಿದ್ಯಾರ್ಥಿವೇತನ ಪಡೆದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದರು. ಮುಂದೆ ಅಲಾಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆ ವೇತನ ಯಾರ ಹೆಸರಿನದೋ ಆ ಶಂಕರಶೇಟರು ತೀರಿಕೊಂಡದ್ದು 1865ರಲ್ಲಿ. 1912ರಲ್ಲಿ ಸಿ. ಡಿ. ದೇಶಮುಖರಿಗೂ ಅದೇ ವೇತನ ಸಂದಿತು. ದತ್ತಿಯ ಹಣ ಇಷ್ಟು ದೀರ್ಘಕಾಲ ದುಡಿದದ್ದು ಹೇಗೆ, ಅದೇ ಕ್ರಮ ಛಾಯಾಚಿತ್ರ ಸಂಗ್ರಹಗಳ ಡಿಜಿಟಲೀಕರಣಕ್ಕೆ ಹೊಂದೀತೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ವಿದ್ಯಾರ್ಥಿವೇತನಕ್ಕೂ ಛಾಯಾಚಿತ್ರಕ್ಕೂ ಕೊಟ್ಟ ದಾನ ಒಬ್ಬರಲ್ಲೇ ಕಾಣುವುದು ಮುಂಬಯಿಯ ಹತ್ತಿ ವರ್ತಕ ಪ್ರೇಮಚಂದ ರಾಯಚಂದರಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಹತ್ತಿಯ ಬೆಲೆ ಏರಿದಾಗ ಗಳಿಸಿದ ಹಣದಲ್ಲಿ ಅವರು 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ತಾಯಿ ರಾಜಾಬಾಯಿಯ ಹೆಸರಿನ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟರು. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಕೊಟ್ಟ 2 ಲಕ್ಷ ವಿದ್ಯಾರ್ಥಿವೇತನದ ದತ್ತಿಯಾಯಿತು. ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಪ್ರೇಮಚಂದರು ದಿವಾಳಿಯಾದರು. ದತ್ತಿ ಮಾತ್ರ ದಿವಾಳಿಯಾಗಲಿಲ್ಲ. 1886ರಲ್ಲಿ ಅದನ್ನು ಪಡೆದವರು ಆಶುತೋಷ ಮುಖರ್ಜಿ. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಹಂಚುವುದೇ ಇಂಥ ದತ್ತಿಯ ಜೀವಾಳ.

ಛಾಯಾಚಿತ್ರಕ್ಕೆ ಸಂದ ಹಣದ ಕಥೆ ಬೇರೆ. 1866ರಲ್ಲಿ ಲಂಡನ್ನಿನ ಜಾನ್ ಮರೆ ಹೊರತಂದ ಅಹಮದಾಬಾದ್, ಬಿಜಾಪುರ ಮತ್ತು ಧಾರವಾಡ–ಮೈಸೂರು ವಾಸ್ತುಶಿಲ್ಪ ಸಂಪುಟಗಳಿಗೆ ಆಶ್ರಯ ಕೊಟ್ಟವರು ಪ್ರೇಮಚಂದರು ಮತ್ತು ಕರಸನದಾಸ ಮಾಧವದಾಸರು. ಧಾರವಾಡ ಸಂಪುಟದ ಚಿತ್ರಗಳು ಪಿಗೌ, ನೀಲ್, ಬಿಗ್ಸ್ ತೆಗೆದವು. ಆಲ್ಬುಮೆನ್ ಪ್ರತಿಗಳನ್ನು ಒಂದೊಂದಾಗಿ ಪುಟಕ್ಕೆ ಅಂಟಿಸಿ ಸಂಪುಟ ಕಟ್ಟಿದ್ದಾರೆ. ಅಂಥ ಪ್ರತಿ ಬೆಳಕಿಗೂ ತೇವಕ್ಕೂ ಹಳದಿಗಟ್ಟಿ ಮಾಸುತ್ತದೆ. ಆಶ್ರಯದ ಹಣ ಪುಸ್ತಕ ಅಚ್ಚಾಗುವುದರೊಂದಿಗೆ ತೀರಿತು. ಪ್ರತಿಗಳನ್ನು ಕಾಪಿಡುವ ಹೊಣೆ ಕೊಂಡ ಗ್ರಂಥಾಲಯಗಳ ಪಾಲಿಗೆ ಬಂತು.

ಇಂದಿನ ಡಿಜಿಟಲೀಕರಣದ ಅನುದಾನಗಳೂ ಬಹುಮಟ್ಟಿಗೆ ಈ ಎರಡನೆಯ ಜಾಡಿನವೇ. ಬ್ರಿಟಿಷ್ ಲೈಬ್ರರಿ 2004ರಲ್ಲಿ ಆರಂಭಿಸಿದ, ಆರ್ಕೇಡಿಯಾ ನಿಧಿಯ ಹಣದಿಂದ ನಡೆದುಬಂದ ‘ಅಳಿವಿನಂಚಿನ ದಾಖಲೆಗಳ’ ಯೋಜನೆ ನಿಗದಿತ ಅವಧಿಗೆ ಹಣ ಕೊಡುತ್ತದೆ. ಮೂಲಗಳು ಆಯಾ ದೇಶದಲ್ಲೇ ಉಳಿಯಬೇಕೆಂಬ ಅದರ ನಿಯಮ ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡುವುದು ಒಂದು ಸಲದ ಖರ್ಚು; ಡಿಸ್ಕ್ ಬದಲಿಸುವುದು, ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು, ಚಿತ್ರದ ವಿವರ ಬರೆಯುವುದು ವರ್ಷ ವರ್ಷದ ಖರ್ಚು.

ವಿವರವಿಲ್ಲದ ಚಿತ್ರ ಇದ್ದೂ ಇಲ್ಲದಂತೆ. ಧಾರವಾಡ ಸಂಪುಟದಲ್ಲಿ ಐಹೊಳೆಯ ಹೆಸರು ‘ಇವುಲ್ಲಿ’ ಎಂದಿದೆ. ಈಗಿನ ಹೆಸರು ಹಾಕಿ ಹುಡುಕುವವರಿಗೆ ಅದು ಸಿಗದು. ಜತ್ತದ ಮಟ್ಟಿಗೆ ತೊಡಕು ಇನ್ನೂ ಹೆಚ್ಚು. ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ ಬಿಜಾಪುರ ಏಜೆನ್ಸಿಯಲ್ಲಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದು ಸೇರಿದ 1949ರ ದಕ್ಷಿಣ ಸಾತಾರಾ ಜಿಲ್ಲೆ 1960ರಲ್ಲಿ ಸಾಂಗಲಿ ಎನಿಸಿತು. ಒಂದೇ ಊರಿನ ಚಿತ್ರ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಶೀರ್ಷಿಕೆಯಡಿ ಸೇರಬಹುದು. ಅದನ್ನು ಗುರುತಿಸಲು ಕನ್ನಡ, ಮರಾಠಿ ಎರಡನ್ನೂ, ಸಾಧ್ಯವಾದರೆ ಮರಾಠಿಯ ಹಳೆಯ ಮೋಡಿ ಲಿಪಿಯನ್ನೂ ಓದಬಲ್ಲವರು ಬೇಕು. ಆ ಎರಡು ಭಾಷೆ ಜತ್ತದ ಎಷ್ಟೋ ಮನೆಗಳ ನಿತ್ಯದ ಮಾತು.

ದತ್ತಿಪತ್ರದ ಷರತ್ತುಗಳನ್ನೂ ಕಡೆಗಣಿಸುವಂತಿಲ್ಲ. ಶಂಕರಶೇಟ ವೇತನ ಸಂಸ್ಕೃತಕ್ಕೆ ಮೀಸಲು. ಸಿರಸಂಗಿ ಲಿಂಗರಾಜ ದೇಸಾಯಿಯವರು (1861–1906) ಮೃತ್ಯುಪತ್ರ ಬರೆದು ತಮ್ಮ ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬಿಟ್ಟರು. ಅದರ ಫಲ ಲಿಂಗಾಯತ ವಿದ್ಯಾರ್ಥಿಗಳಿಗೆ ಸಂದಿತು. ದಾನಿ ಬರೆದ ಸಾಲೇ ಯಾರು ಓದಬಹುದೆಂಬುದನ್ನು ತೀರ್ಮಾನಿಸುತ್ತದೆ. ಚಿತ್ರಗಳನ್ನು ಯಾರು ನೋಡಬಹುದೆಂಬುದನ್ನೂ ಅಂಥದೇ ಸಾಲು ತೀರ್ಮಾನಿಸೀತು.

ಹೀಗಾಗಿ ಎರಡು ದಾನಗಳನ್ನು ಬೇರೆ ಬೇರೆ ಖಾತೆಯಲ್ಲಿ ಇಡಬೇಕಿಲ್ಲ. ಸಂಗ್ರಹದ ಹೆಸರಿನಲ್ಲಿ ಅಸಲು ಇಟ್ಟು, ಅದರ ಬಡ್ಡಿಯಿಂದ ಗಡಿಭಾಗದ ವಿದ್ಯಾರ್ಥಿಗಳಿಗೆ ವೇತನ ಕೊಟ್ಟು, ಅವರಿಂದಲೇ ಚಿತ್ರಗಳ ವಿವರ ಬರೆಸಬಹುದು. ಚಿತ್ರಗಳು ಎಲ್ಲರಿಗೂ ತೆರೆದಿರಲಿ, ಒಂದು ಪ್ರತಿ ತಾಲೂಕಿನ ಗ್ರಂಥಾಲಯದಲ್ಲೂ ಇರಲಿ ಎಂಬ ಎರಡು ಷರತ್ತು ದತ್ತಿಪತ್ರದಲ್ಲೇ ಸೇರಿದ್ದರೆ ಸಾಕು.