ಬೆಳಕಿನ ಪ್ರಮಾಣ: ಚಳಿಗಾಲದ ಖಿನ್ನತೆಯ ‘ನೈಸರ್ಗಿಕ’ ಪರಿಹಾರಗಳ ಕುರಿತು ಒಂದು ಟಿಪ್ಪಣಿ

ಋತುಮಾನದ ಖಿನ್ನತೆಗೆ ನೈಸರ್ಗಿಕ ಪರಿಹಾರ ಎಂದಾಗ ಬೆಳಕು, ಗಿಡಮೂಲಿಕೆ, ವಿಟಮಿನ್, ವಾಕಿಂಗ್ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ರೂಢಿಯಿದೆ. ಅವುಗಳ ಹಿಂದಿನ ಪುರಾವೆ ಮಾತ್ರ ಒಂದೇ ತೂಕದ್ದಲ್ಲ. ಔಷಧದಷ್ಟೇ ಕಟ್ಟುನಿಟ್ಟಿನ ಪರೀಕ್ಷೆಗೆ ಒಳಗಾದದ್ದು ಬೆಳಕು. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಪ್ರಖರ ಬೆಳಕು ಮನುಷ್ಯರಲ್ಲಿ ನಿದ್ರೆಗೆ ಸಂಬಂಧಿಸಿದ ಹಾರ್ಮೋನಾದ ಮೆಲಟೋನಿನ್‌ನ ರಾತ್ರಿಯ ಸ್ರಾವವನ್ನು ತಗ್ಗಿಸುತ್ತದೆಂದು ಆಲ್ಫ್ರೆಡ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಸಾಮಾನ್ಯ ದೀಪಕ್ಕೆ ಆಗದ ಕೆಲಸ 2,500 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕಿಗೆ ಸಾಧ್ಯವಾಗಿತ್ತು. ಅದೇ ಸುಮಾರಿಗೆ ಹರ್ಬರ್ಟ್ ಕರ್ನ್ ಎಂಬ ಎಂಜಿನಿಯರ್, ಋತುವಿನೊಂದಿಗೆ ಬದಲಾಗುವ ತಮ್ಮ ಮನಸ್ಸಿನ ಏರಿಳಿತಗಳನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡ ಟಿಪ್ಪಣಿಗಳೊಂದಿಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರನ್ನು ಕಂಡಿದ್ದರು. ರೋಗಿಯೇ ಒದಗಿಸಿದ ಇಂಥ ದಾಖಲೆ ವೈದ್ಯಕೀಯ ಚರಿತ್ರೆಯಲ್ಲಿ ಅಪರೂಪ. 1984ರಲ್ಲಿ ನಾರ್ಮನ್ ರೋಸೆಂಥಾಲ್ ತಂಡ 29 ರೋಗಿಗಳ ವಿವರ ಕೊಟ್ಟು ಕಾಯಿಲೆಗೆ ಋತುಮಾನದ ಖಿನ್ನತೆಯೆಂಬ ಹೆಸರಿಟ್ಟಿತು. ಅತಿನಿದ್ರೆ, ಸಿಹಿ ಮತ್ತು ಪಿಷ್ಟದ ಹಂಬಲ, ಏರುವ ತೂಕ ಇದರ ಚಹರೆ.

ಈ ಕಾಯಿಲೆಗೆಂದು ಪ್ರಖರ ಬೆಳಕು ಸೂಸುವ ಪೆಟ್ಟಿಗೆಯ ಎದುರು ಕೂತವರಿಗೆ ಅದು ಚಿಕಿತ್ಸೆಯೆಂದು ಗೊತ್ತೇ ಇರುತ್ತದೆ. ಹಾಗಾದರೆ ಗುಣವಾದದ್ದು ಬೆಳಕಿನಿಂದಲೋ ನಂಬಿಕೆಯಿಂದಲೋ? ಶಿಕಾಗೋದ ಶಾರ್ಮೇನ್ ಈಸ್ಟ್‌ಮನ್ ಇದಕ್ಕೊಂದು ಉಪಾಯ ಹೂಡಿದರು: ಹೋಲಿಕೆಯ ಗುಂಪಿಗೆ, ಅಯಾನುಗಳನ್ನು ಹೊರಸೂಸದಂತೆ ಮಾಡಿದ ಅಯಾನು ಯಂತ್ರ ಕೊಟ್ಟರು. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೆಳಗಿನ ಬೆಳಕೇ ಮೇಲುಗೈ ಸಾಧಿಸಿತು, ಆದರೆ ಮೂರು ವಾರ ಕಳೆದ ಮೇಲೆ. ನಾಲ್ಕೇ ದಿನಕ್ಕೆ ಪೆಟ್ಟಿಗೆಯನ್ನು ಅಟ್ಟಕ್ಕೇರಿಸುವವರು ಈ ವಿವರವನ್ನು ಗಮನಿಸಬೇಕು.

2006ರ ಕೆನಡಾ ಪ್ರಯೋಗದಲ್ಲಿ 96 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 10,000 ಲಕ್ಸ್ ಬೆಳಕು ಮತ್ತು ಹುಸಿ ಮಾತ್ರೆ. ಉಳಿದವರಿಗೆ ಖಿನ್ನತೆಯ ಮಾತ್ರೆಯಾದ ಫ್ಲುವೊಕ್ಸೆಟಿನ್ 20 ಮಿಲಿಗ್ರಾಂ ಮತ್ತು 100 ಲಕ್ಸ್‌ನ ಮಂದ ದೀಪ. ಎಂಟು ವಾರಗಳ ಬಳಿಕ ಎರಡೂ ಗುಂಪುಗಳಲ್ಲಿ ಶೇ. 67 ಮಂದಿ ಚಿಕಿತ್ಸೆಗೆ ಸ್ಪಂದಿಸಿದ್ದರು. ಬೆಳಕಿನ ಡೋಸು ಇಷ್ಟೇ: ಎದ್ದ ಸ್ವಲ್ಪ ಹೊತ್ತಿನಲ್ಲೇ ದಿನಕ್ಕೆ ಅರ್ಧ ತಾಸು, ಕಣ್ಣು ತೆರೆದು, ದೀಪವನ್ನು ದಿಟ್ಟಿಸದೆ. ಪೇಪರ್ ಓದುತ್ತಲೋ ಕಾಫಿ ಕುಡಿಯುತ್ತಲೋ ಕೂರಬಹುದು. ದೀಪ ತುಸು ದೂರ ಸರಿದರೂ ಕಣ್ಣಿಗೆ ತಲುಪುವ ಲಕ್ಸ್ ಗಣನೀಯವಾಗಿ ಇಳಿಯುತ್ತದೆ.

ಪೆಟ್ಟಿಗೆಯೇ ಬೇಕೆಂದಿಲ್ಲ. ಬಾಸೆಲ್‌ನ ಅನ್ನಾ ವಿರ್ಜ್-ಜಸ್ಟಿಸ್ ತಂಡ 1996ರಲ್ಲಿ ವಾರವಿಡೀ ದಿನಕ್ಕೊಂದು ತಾಸಿನ ಬೆಳಗಿನ ನಡಿಗೆಯನ್ನೇ ಪರೀಕ್ಷಿಸಿ ಒಳ್ಳೆಯ ಫಲ ಕಂಡಿತ್ತು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ಬೆಳಕಿಗಿಂತ ಎಷ್ಟೋ ಹೆಚ್ಚು.

ಮಿತಿಯೂ ಉಂಟು. ವರ್ಮಾಂಟ್‌ನಲ್ಲಿ ಕೆಲ್ಲಿ ರೋಹನ್ 177 ಮಂದಿಯನ್ನು ಎರಡು ಗುಂಪು ಮಾಡಿ ಬೆಳಕನ್ನೂ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆಯನ್ನೂ ಹೋಲಿಸಿದರು. ಮೊದಲ ಚಳಿಗಾಲದಲ್ಲಿ ಎರಡೂ ಸರಿಸಮ. ಎರಡನೆಯ ಚಳಿಗಾಲದಲ್ಲಿ ಖಿನ್ನತೆ ಮರುಕಳಿಸಿದ ಪ್ರಮಾಣ ಬೆಳಕಿನ ಗುಂಪಿನಲ್ಲಿ ಶೇ. 45.6, ಇನ್ನೊಂದರಲ್ಲಿ ಶೇ. 27.3. ಬೆಳಕಿಗೆ ವರ್ಷವರ್ಷವೂ ಕೂರಬೇಕು. ಕಲಿತ ಅಭ್ಯಾಸ ಜೊತೆಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಫಲಿತಾಂಶ ಇದು.

ವಿಟಮಿನ್ ಡಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಹದಿನೆಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅದು ಖಿನ್ನತೆಯನ್ನು ತಡೆಯಲಿಲ್ಲ. ಸೇಂಟ್ ಜಾನ್ಸ್ ವರ್ಟ್ ಮೂಲಿಕೆಯದು ಬೇರೆಯೇ ಕಥೆ. ಸೌಮ್ಯ ಖಿನ್ನತೆಗೆ ಅದು ಕೆಲಸ ಮಾಡುವ ಸೂಚನೆಗಳಿವೆ, ಹಾಗೆಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆಗಳ ಬಲವನ್ನೂ ಅದು ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಯೊಂದಿಗೆ ಸೇರಿದರೆ ಸೆರೊಟೋನಿನ್ ಮಿತಿಮೀರಬಹುದು. ಇಂಥದ್ದನ್ನು ‘ಬರೀ ಸೊಪ್ಪು ತಾನೇ’ ಎನ್ನಲಾಗದು.

ಬೆಂಗಳೂರಿನ ಅತಿ ಸಣ್ಣ ಹಗಲೂ ಹನ್ನೊಂದು ತಾಸು ದಾಟುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಹಗಲು ಆರೇ ತಾಸು. ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಈ ಮಾಹಿತಿ ನೇರವಾಗಿ ಉಪಯುಕ್ತ. ಆದರೆ ಬೈಪೋಲಾರ್ ತೊಂದರೆ ಇರುವವರಲ್ಲಿ ಪ್ರಖರ ಬೆಳಕು ಉನ್ಮಾದವನ್ನು ಕೆರಳಿಸಬಲ್ಲದು. ಅಂಥವರು, ಹಾಗೂ ಅಕ್ಷಿಪಟಲದ ಕಾಯಿಲೆ ಇರುವವರು, ಪೆಟ್ಟಿಗೆ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು.