ಜೀನಿನ ಅಡಿಯ ಬಟ್ಟೆ

ಪಾರಸಿಯಿಂದ ಕನ್ನಡಕ್ಕೆ ಬಂದ ಲಗಾಮು, ಸವಾರ, ಜೀನು ಮುಂತಾದ ಪದಗಳನ್ನು ತರಗತಿಯಲ್ಲಿ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಜೀನು ಕುದುರೆಗೆ ಚುಚ್ಚುವುದಿಲ್ಲವೇ?" ಎಂದು ಕೇಳಿದ. ಯುದ್ಧಗಳ ಇಸವಿ ಬಾಯಿಪಾಠ ಮಾಡಿಸುವ ನಮಗೆ ಇಂಥ ಪ್ರಶ್ನೆ ಹೊಳೆಯುವುದೇ ಅಪರೂಪ.

ಚುಚ್ಚುತ್ತದೆ. ಅದಕ್ಕಾಗಿಯೇ ಜೀನಿನ ಅಡಿಗೆ ಒಂದು ದಪ್ಪ ಬಟ್ಟೆ ಬೇಕು. ಹಳೆಯ ಕನ್ನಡದ ಹಲ್ಲಣ, ಮುಂದೆ ಬಂದ ಜೀನು ನಮಗೆ ಗೊತ್ತು. ಅಡಿಯ ಬಟ್ಟೆಯ ಹೆಸರನ್ನು ಮಾತ್ರ ಮರೆತಿದ್ದೇವೆ. ಉರ್ದುವಿನಲ್ಲಿ ಅದು ಅರಖ್‌ಗೀರ್. ಅರಖ್ ಎಂದರೆ ಬೆವರು, ಗೀರ್ ಎಂದರೆ ಹಿಡಿಯುವುದು. ಖೋಗೀರ್ ಎಂಬ ಪದಕ್ಕೂ ಇದೇ ಅರ್ಥ. ಹೆಸರಿಟ್ಟವರು ಅಂದಚೆಂದವನ್ನು ನೋಡದೆ ಪ್ರಾಣಿಯ ಬೆವರನ್ನು ನೋಡಿದ್ದಾರೆ. ಮರಾಠಿಯಲ್ಲಿ ಮಾತ್ರ ಈ ಪದಕ್ಕೆ ಅನ್ಯಾಯವಾಯಿತು; ಅಲ್ಲಿ ಖೋಗೀರ್‌ಭರತಿ ಎಂದರೆ ಕೆಲಸಕ್ಕೆ ಬಾರದ ತುಂಬುವಿಕೆ! ಇನ್ನೊಂದು ಪದ ನಮ್ದಾ. ನೂಲದೆ, ನೇಯದೆ, ಒದ್ದೆ ಉಣ್ಣೆಯನ್ನು ಒತ್ತಿ ಉಜ್ಜಿ ಮಾಡಿದ ದಪ್ಪ ಹಾಸು ಅದು. ಇಂಗ್ಲಿಷರು ಇದನ್ನೇ ಒಯ್ದು 'ನಮ್ನಾ' ಮಾಡಿಕೊಂಡರು.

ಇದಕ್ಕೂ ನಮ್ಮ ಊರುಗಳಿಗೂ ಏನು ಸಂಬಂಧ ಎನ್ನಬಹುದು. ದಕ್ಷಿಣದ ಅರಸರಿಗೆ ಬೇಕಾದ ಉತ್ತಮ ಕುದುರೆಗಳು ಅರಬಸ್ತಾನ, ಹೊರ್ಮುಜ್‌ಗಳಿಂದ ಹಡಗಿನಲ್ಲಿ ಈ ಕರಾವಳಿಗೆ ಬರುತ್ತಿದ್ದವು. ಬೈಂದೂರಿನ ಉತ್ತರಕ್ಕಿರುವ ಭಟ್ಕಳ ವಿಜಯನಗರ ಕಾಲದಲ್ಲಿ ಕುದುರೆ ವ್ಯಾಪಾರದ ದೊಡ್ಡ ಬಂದರು. ಕುಂದಾಪುರದ ಬಳಿಯ ಬಸರೂರು, ಬ್ರಹ್ಮಾವರದ ಬಳಿಯ ಬಾರಕೂರುಗಳೂ ಕಡಲ ವ್ಯಾಪಾರದಲ್ಲಿ ಹೆಸರಾಗಿದ್ದವು. 1342ರ ಸುಮಾರಿಗೆ ಇಬ್ನ್ ಬತೂತಾ ಈ ಎರಡೂ ಊರುಗಳನ್ನು ಕಂಡು, ಅಬೂ ಸರೂರ್, ಫಾಕನೂರ್ ಎಂದು ಬರೆದಿದ್ದಾನೆ. ಆದರೆ ಈ ಕರಾವಳಿಯಲ್ಲಿ ಅರಸನ ಹೊರತು ಯಾರೂ ಕುದುರೆ ಏರುವುದಿಲ್ಲ, ಜನ ಡೋಲಿಯಲ್ಲಿ ಹೋಗುತ್ತಾರೆ, ಸರಕನ್ನು ಮನುಷ್ಯರೇ ಹೊರುತ್ತಾರೆ ಎಂದೂ ಅವನು ಹೇಳುತ್ತಾನೆ. ಕುದುರೆ ಇಳಿಯುವ ಕರಾವಳಿಯ ಜನಕ್ಕೆ ಕುದುರೆ ಸವಾರಿಯಿಲ್ಲ!

1535ರ ಸುಮಾರಿಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್‌ನ ಮಾತು ಇನ್ನೂ ವಿಚಿತ್ರ. ಸಾಳುವ ನರಸಿಂಹ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಕಡಲಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು. ಬಾಲದ ಲೆಕ್ಕ ಚರಿತ್ರೆಯಲ್ಲಿ ಉಳಿಯಿತು. ಬೆನ್ನಿನ ಲೆಕ್ಕ ಇಟ್ಟವರು ಕುದುರೆ ನೋಡಿಕೊಳ್ಳುವ ಸಯೀಸರು. ಅವರು ಪುಸ್ತಕ ಬರೆಯಲಿಲ್ಲ.

ಅವರ ವಿದ್ಯೆ ಇಂದಿಗೂ ಬದಲಾಗಿಲ್ಲ. ಸವಾರನ ಭಾರ ಬೆನ್ನುಮೂಳೆಯ ಮೇಲೆ ಬೀಳದೆ ಅದರ ಎರಡೂ ಬದಿಯ ಮಾಂಸದ ಮೇಲೆ ಬೀಳಬೇಕು. ಬಟ್ಟೆಯನ್ನು ತುಸು ಮುಂದಕ್ಕೆ ಹಾಕಿ ಹಿಂದಕ್ಕೆ ಜಾರಿಸಬೇಕು. ಆಗ ಅಡಿಯ ಕೂದಲು ಮಟ್ಟಸವಾಗಿ ಮಲಗುತ್ತದೆ. ಹೆಗಲಿನ ಉಬ್ಬಿನ ಮೇಲೆ ಬಿಗಿಯಾಗದಂತೆ ಬಟ್ಟೆಯನ್ನು ಜೀನಿನ ಕಮಾನಿನೊಳಕ್ಕೆ ಎತ್ತಿಡಬೇಕು. ಒಂದು ಸುಕ್ಕು ಉಳಿದರೂ ಕೆಲವು ಹರದಾರಿಯಲ್ಲಿ ಅದು ಹುಣ್ಣಾಗುತ್ತದೆ. ಜೀನು ಸರಿಹೊಂದದಿದ್ದರೆ ದಪ್ಪ ಬಟ್ಟೆ ಹಾಕಿ ಸರಿಪಡಿಸುತ್ತೇವೆ ಎನ್ನುವುದು ದೊಡ್ಡ ತಪ್ಪು. ಬಿಗಿಯಾದ ಚಪ್ಪಲಿಗೆ ಎರಡು ಕಾಲುಚೀಲ ಹಾಕಿದಂತೆ ಅದು. ಉಣ್ಣೆ ಬೆವರನ್ನು ಹೀರಿಯೂ ಮೆತ್ತಗಿರುತ್ತದೆ, ಆದ್ದರಿಂದ ನಮ್ದಾಕ್ಕೆ ಬೆಲೆ. ಆದರೆ ನಮ್ಮಲ್ಲಿಯ ಜೂನ್, ಜುಲೈ ಮಳೆಗೆ ಯಾವ ಉಣ್ಣೆಯೂ ಬೇಗ ಒಣಗುವುದಿಲ್ಲ. ಬೆವರುಪ್ಪು ಕಟ್ಟಿ ಗಟ್ಟಿಯಾದ ಹಾಸು ಚರ್ಮವನ್ನು ತರಿಯುತ್ತದೆ. ಅದಕ್ಕೇ ಒಗೆದು ಒಣಗಿಸಿದ ಎರಡನೆಯ ಹಾಸು ಇರಬೇಕು.

ಸವಾರಿ ಮುಗಿದ ಮೇಲೆ ಬಟ್ಟೆ ಎತ್ತಿ ನೋಡಿದರೆ ಬೆನ್ನು ಸಮನಾಗಿ ಒದ್ದೆಯಾಗಿರಬೇಕು. ನಡುವೆ ಒಣಗಿದ ಕಲೆಯಿದ್ದರೆ ಅಲ್ಲಿ ಭಾರ ಒತ್ತಿರಬಹುದು ಎಂದು ಕೈಯಾಡಿಸಿ ನೋಡಬೇಕು. ಹೀಗೆ ಒತ್ತಿ ಗಾಯವಾಗಿ ಮಾಗಿದ ಜಾಗದಲ್ಲಿ ಅನೇಕ ಬಾರಿ ಬಿಳಿ ಕೂದಲು ಹುಟ್ಟುತ್ತದೆ. ಕಪ್ಪು ಕುದುರೆಯಾದರೂ ಸರಿ, ಅದು ಮತ್ತೆ ಕಪ್ಪಾಗುವುದಿಲ್ಲ. ಕುದುರೆ ಕೊಳ್ಳುವವರು ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಹಿಂದಿನ ಯಜಮಾನ ಎಂಥವನೆಂದು ತಿಳಿಯಲು ಜೀನು ಬಿಚ್ಚಿಸಿ ಬೆನ್ನು ನೋಡುತ್ತಾರೆ.

ಮರುದಿನ ಹುಡುಗನಿಗೆ ಇಷ್ಟನ್ನೂ ಹೇಳಿದೆ. "ಹಾಗಾದರೆ ಸರ್, ಆ ಬಿಳಿ ಕೂದಲು ನೋಯುತ್ತದೆಯೇ?" ಎಂದ.